ಅಂಬುಜಾಕ್ಷಿ ಕೊಟ್ಟ ಅಕ್ಷರ

ನಮ್ಮೂರಿನಲ್ಲಿ ಯಾರೂ ಯಾರಿಗೂ ಸುಮ್ಮಸುಮ್ಮನೆ ಏನನ್ನೂ ಕಲಿಸುವುದಿಲ್ಲ. ಜಿಪುಣರು ಅಂತ ತಿಳಿಯಬೇಡಿ. ನಮ್ಮಲ್ಲಿ ಕಲಿಸಿದ್ದು ಕಲಿಸಿದವರ ಹತ್ತಿರ ಉಳಿಯುವುದಿಲ್ಲ, ಅಷ್ಟೇ. ಕಲಿತವರಿಗೆ ಬಂತು ಅಂದರೆ ಕಲಿಸಿದವರಿಗೆ ಹೋಯಿತು. ನನ್ನ ತಾಯಿ ನನಗೆ ಒಬ್ಬಟ್ಟು ತಟ್ಟುವುದನ್ನು ಹೇಳಿಕೊಟ್ಟು, ಮುಂದಿನ ಯುಗಾದಿಗೆ ಕಣಕದ ಮುಂದೆ ಕೂತು "ಇದನ್ನೇನು ಮಾಡ್ಬೇಕೇ?" ಅಂತ ನನ್ನನ್ನೇ ಕೇಳಿದಳು. ನನ್ನ ತಮ್ಮ ತಿಪ್ಪೇಶನ ಕಥೆ ಇನ್ನೂ ಚೆಂದ. ಅವನ ಗೆಳೆಯನೊಬ್ಬನಿಗೆ ಪ್ರೇಮಪತ್ರ ಬರೆಯುವ ಆಸೆ, ಆದರೆ ಅಕ್ಷರ ಬಾರದು. ಅಯ್ಯೋ ಪಾಪ ಅಂತ ಇವನು ಕಲಿಸಿದ. ಗೆಳೆಯ ಪತ್ರ ಬರೆದ, ಮದುವೆಯಾದ, ಹೊಳೆ ದಾಟಿ ಹೋದ. ಇವನು ಹೆಬ್ಬೆಟ್ಟು ಒತ್ತಿಕೊಂಡು, ಒಂದು ಹಿಟ್ಟಿನ ಗಿರಣಿ ಹಾಕಿಕೊಂಡು ಇಲ್ಲೇ ಕೂತ.

ಅದಕ್ಕೇ ಮಕ್ಕಳಿಗೆ ಕಲಿಸುವ ಕೆಲಸವನ್ನು ನಾವು ಹೊಳೆಯಾಚೆಯವರಿಗೆ ಬಿಟ್ಟಿದ್ದೆವು. ಆ ಕಡೆಯವರಿಗೆ ಇದು ತಗಲುವುದಿಲ್ಲ. ಜೆಸಿಂತಾ ಮಿಸ್ ದಿನಾ ಬೆಳಿಗ್ಗೆ ದೋಣಿಯಲ್ಲಿ ಬಂದು, ಇಡೀ ದಿನ ಕಲಿಸಿ, ಸಂಜೆ ಬಂದಷ್ಟೇ ತುಂಬಿಕೊಂಡು ವಾಪಸ್ ಹೋಗುತ್ತಿದ್ದರು. ಒಮ್ಮೆ ಕೊಟ್ಟ ಮೇಲೆ ನಮ್ಮವರು ಅದರ ಮಾತೇ ಎತ್ತುತ್ತಿರಲಿಲ್ಲ. "ಕೊಟ್ಟ ವಿದ್ಯೆ ಕೇಳಬಾರದು, ಉಂಡೆಸೆದ ಎಲೆ ಎತ್ತಬಾರದು" ಅಂತ ನಮ್ಮೂರಿನ ಗಾದೆ. ದೊಡ್ಡವರು ಚಿಕ್ಕವರ ಮುಂದೆ ಕಲಿಯಲು ಕೂರುವುದು ಅಂದರೆ ಮರ್ಯಾದೆಗೇಡು, ಮೇಲಾಗಿ ಮಕ್ಕಳದ್ದನ್ನು ಕಿತ್ತುಕೊಂಡ ಪಾಪ.

ಹೀಗಿರುವಾಗ ಬಂತಲ್ಲ ಆ ಕಾಯಿಲೆ. ದೋಣಿ ಕಟ್ಟಿಹಾಕಿದರು, ಶಾಲೆಗೆ ಬೀಗ ಬಿತ್ತು. ಹದಿನೈದು ದಿನ ಅಂದರು, ತಿಂಗಳು ಅಂದರು, ಆಮೇಲೆ ಅನ್ನುವುದನ್ನೇ ಬಿಟ್ಟರು. ಜೆಸಿಂತಾ ಮಿಸ್ ಫೋನಿನೊಳಗೆ ಕೂತು ಪಾಠ ಮಾಡಿದರು. ದೊಡ್ಡ ಮಕ್ಕಳಿಗೆ ಅಷ್ಟಿಷ್ಟು ಹತ್ತಿತು. ಚಿಕ್ಕವು ಮಿಸ್ ತಲೆಯ ಮೇಲೆ ತಿರುಗುವ ಫ್ಯಾನು ನೋಡುತ್ತ ನಿದ್ದೆಹೋದವು. ಅದೂ ಮಾತುಮಾತಿಗೆ ಕಡಿದುಹೋಗುತ್ತಿತ್ತು.

ಮನೆಯಲ್ಲಿ ಕಲಿಸುವುದನ್ನು ಮೊದಲು ಶುರು ಮಾಡಿದವನು ದರ್ಜಿ ವೆಂಕಟಾಚಲ. ಮಗಳಿಗೆ ಅರ್ಧ, ಕಾಲು, ಮುಕ್ಕಾಲಿನ ಲೆಕ್ಕ ಹೇಳಿಕೊಟ್ಟ. ಹುಡುಗಿಗೆ ಚೆನ್ನಾಗಿ ಬಂತು. ಅಲ್ಲಿಂದಾಚೆಗೆ ನಮ್ಮೂರ ಗಂಡಸರ ಅಂಗಿಗಳಲ್ಲಿ ಒಂದು ತೋಳು ಮೊಣಕೈಗೆ, ಇನ್ನೊಂದು ಬೆರಳ ತುದಿಗೆ. "ಹೆಂಗೂ ಮನೆ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ, ಹಾಕ್ಕೊಳ್ಳಿ" ಅಂದ ವೆಂಕಟಾಚಲ. ಹಾಕಿಕೊಂಡರು. ಆಮೇಲೆ ನಾಗೇಂದ್ರಯ್ಯ, ಪೇಪರು ಓದಿ ಓದಿ ಜಗತ್ತಿನ ನದಿಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಮುದುಕರು, ಮೊಮ್ಮಗನಿಗೆ ಅಷ್ಟನ್ನೂ ಒಪ್ಪಿಸಿಬಿಟ್ಟು, ತಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು "ಇದ್ಯಾವ ಹೊಳೆ?" ಅಂತ ಕೇಳಿದರು. ಗಂಡಹೆಂಡಿರು ಮಗ್ಗಿಯನ್ನು ಹಂಚಿಕೊಂಡರು. "ಹತ್ತರವರೆಗೆ ನೀವು ಕೊಡಿ, ಮುಂದಿನದು ನಾನು ಕೊಡ್ತೀನಿ" ಅಂತ ಹೆಂಡತಿ ಅಂದರೆ, "ಹತ್ತೊಂಬತ್ತರ ಮಗ್ಗಿ ನಂಗೆ ಬಿಡೇ, ಅದು ಮೊದಲೇ ಬರ್ತಿರಲಿಲ್ಲ, ಹೋದ್ರೆ ಏನೂ ಹೋಗಲ್ಲ" ಅಂತ ಗಂಡ. ನೋಡನೋಡುತ್ತ ಮನೆಮನೆಯೂ ಶಾಲೆಯಾಯಿತು. ಎದುರುಬದುರು ಸಿಕ್ಕವರು ಊಟ ಆಯ್ತಾ ಅಂತ ಕೇಳುವುದು ಬಿಟ್ಟು "ಇವತ್ತೇನು ಕೊಟ್ರಿ?" ಅಂತ ಕೇಳತೊಡಗಿದರು.

ಆದರೆ ನಮ್ಮನೆಯಲ್ಲಿ ಮಾತ್ರ ಯಾರೂ ಏನೂ ಕೊಟ್ಟಿರಲಿಲ್ಲ. ತಿಪ್ಪೇಶನ ಹತ್ತಿರ ಕೊಡಲು ಅಕ್ಷರವಿಲ್ಲ, ನಾನಂತೂ ಶಾಲೆಯ ಮುಖ ಕಂಡವಳಲ್ಲ. ಇದ್ದವಳು ತಿಪ್ಪೇಶನ ಹೆಂಡತಿ ಅಂಬುಜಾಕ್ಷಿ ಒಬ್ಬಳೇ. ಅವಳ ಓದು ಅಂದರೆ ಏನು ಅಂದುಕೊಂಡಿದ್ದೀರಿ? ಮಧ್ಯಾಹ್ನ ಗಿರಣಿ ಕಟ್ಟೆಯ ಮೇಲೆ, ಸುಣ್ಣದಲ್ಲಿ ಬರೆದ ಗುಂಡುಗುಂಡು ಗೆರೆಗಳೊಳಗೆ ಒಬ್ಬೊಬ್ಬರೇ ದೂರದೂರ, ಬಾಯಿಗೆ ಸೆರಗು ಕಟ್ಟಿಕೊಂಡು ನಾವು ಹೆಂಗಸರು ಕೂತಿರುತ್ತಿದ್ದೆವು. ಒಳಗೆ ಜೋಳ ಬೀಸುತ್ತಿರಬೇಕು, ಹೊರಗೆ ಅಂಬುಜಾಕ್ಷಿ ಗಿರಣಿಯ ಸದ್ದಿಗಿಂತ ಜೋರು ದನಿಯಲ್ಲಿ ಹಳೇ ಕಾದಂಬರಿ ಓದುತ್ತಿರಬೇಕು. ಹಿಟ್ಟು ಬೀಸಿ ತಣ್ಣಗಾದರೂ ಯಾರೂ ಏಳುತ್ತಿರಲಿಲ್ಲ. ಊರಲ್ಲಿ ದಿನಾ ಒಂದೊಂದು ಸಾವಿನ ಸುದ್ದಿ, ಮನೆಯಲ್ಲಿ ಉಸಿರುಗಟ್ಟಿಸುವ ಮುಚ್ಚಿದ ಬಾಗಿಲು. ಆ ಓದು ಇಲ್ಲದಿದ್ದರೆ ನಮಗೆ ಹುಚ್ಚು ಹಿಡಿಯುತ್ತಿತ್ತು, ಸುಳ್ಳಲ್ಲ. ಅವಳಿಗೂ ಅಷ್ಟೇ. ಕಷ್ಟವೋ ಸುಖವೋ, ಅವಳು ಓಡಿಹೋಗಿ ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಪುಸ್ತಕದಲ್ಲೇ.

ಅವಳ ಮಗಳು ಇಂಚರ, ಆರು ತುಂಬಿದ ಹುಡುಗಿ. ಒಂದನೇ ಕ್ಲಾಸಿಗೆ ಹೊಸ ಚೀಲ ಕೊಂಡು ತಂದ ವಾರವೇ ದೋಣಿ ನಿಂತದ್ದು. ಓರಗೆಯ ಮಕ್ಕಳಿಗೆಲ್ಲ ಅವರವರ ಮನೆಯಲ್ಲಿ ಅಕ್ಷರ ಬಂತು, ಇವಳಿಗಿಲ್ಲ. ಇವಳು ಜಾಣೆ, ಕಾದಂಬರಿಯ ಪುಟ ಬಿಡಿಸಿಕೊಂಡು ಅಮ್ಮನ ಹಾಗೆ ತಲೆಯಾಡಿಸುತ್ತ ತಾನೇ ಕಥೆ ಕಟ್ಟಿ ಓದುವಳು. ಒಂದು ದಿನ ದರ್ಜಿಯ ಮಗಳು ಬೇಲಿಯಾಚೆಯಿಂದ "ಏ, ಪುಸ್ತಕ ತಲೆಕೆಳಗು ಹಿಡಿದಿದೀಯ" ಅಂದಳು. ಮಕ್ಕಳೆಲ್ಲ ನಕ್ಕರು. ಇಂಚರ ಪುಸ್ತಕ ಕೆಳಗಿಟ್ಟು ಒಳಗೆ ಹೋದವಳು ಮತ್ತೆ ಕಟ್ಟೆಗೆ ಬರಲಿಲ್ಲ. ಕಥೆ ಕಟ್ಟುವುದನ್ನೂ ಬಿಟ್ಟಳು. ಕರೆದರೆ ಮೂಲೆಯಲ್ಲಿ ಗೋಣಿಚೀಲದ ದಾರ ಬಿಚ್ಚುತ್ತ ಕೂತಿರುವಳು.

ಅಂಬುಜಾಕ್ಷಿ ಒಂದು ವಾರ ಅದನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕ, ನಾನು ಇಂಚರಂಗೆ ಅಕ್ಷರ ಕೊಟ್ಟುಬಿಡ್ತೀನಿ" ಅಂದಳು.

ನನಗೆ ಸಿಟ್ಟು ಬಂತು. "ತಲೆ ನೆಟ್ಟಗಿದೆಯೇನೇ? ಇವತ್ತಲ್ಲ ನಾಳೆ ಕಾಯಿಲೆ ಹೋಗುತ್ತೆ, ಮಿಸ್ ಬರ್ತಾರೆ, ಅವರು ಕಲಿಸ್ತಾರೆ. ಕೊಟ್ಟ ಮೇಲೆ ನೀನೇನು ಮಾಡ್ತೀಯ? ನನ್ನ ಹಂಗೆ ಮೊರ ಇಟ್ಕೊಂಡು ಕೂರ್ತೀಯಾ?"

"ನಾಳೆ ನಾಳೆ ಅಂತ ಎರಡು ಮಳೆಗಾಲ ಹೋಯ್ತು ಅಕ್ಕ. ಅವಳು ಮಾತೇ ಆಡ್ತಿಲ್ಲ, ನೋಡಿದೀರಲ್ಲ."

"ನಿಮ್ಮ ಓದು ನಂಬ್ಕೊಂಡು ನಾವಿಷ್ಟು ಜನ ಇದೀವಿ" ಅಂದುಬಿಟ್ಟೆ. ಕೋಪ ನೆತ್ತಿಗೇರಿದರೆ ನನಗೆ ಅವಳ ಮೇಲೂ ಬಹುವಚನ ಬರುತ್ತದೆ. ಅವಳು ನಕ್ಕು, "ನಿಮಗೆ ಇಂಚರ ಓದಿ ಹೇಳ್ತಾಳೆ ಬಿಡಿ" ಅಂದಳು. ನಕ್ಕಳು ನಿಜ, ಕಣ್ಣು ಮಾತ್ರ ತುಂಬಿತ್ತು.

ಕೊಡುವುದಕ್ಕೆ ಮುಂಚೆ ಅವಳು ಓದಿದ್ದೇ ಓದಿದ್ದು. ಉಪವಾಸದ ಹಿಂದಿನ ದಿನ ಉಣ್ಣುತ್ತಾರಲ್ಲ, ಹಾಗೆ. ಕಾದಂಬರಿ ಮುಗಿದರೆ ಬೇಳೆ ಕಟ್ಟಿ ತಂದ ಕಾಗದ, ಅದೂ ಮುಗಿದರೆ ಗೋಡೆಯ ಮೇಲಿನ ಕ್ಯಾಲೆಂಡರಿನ ರಾಹುಕಾಲ ಗುಳಿಕಕಾಲ. ಆಮೇಲೆ ಒಂದು ಬೆಳಿಗ್ಗೆ ಸ್ಲೇಟು ತೊಳೆದು ಮಗಳನ್ನು ಮುಂದೆ ಕೂರಿಸಿಕೊಂಡಳು.

ಮಗು ಗಬಗಬ ಕಲಿಯಿತು. ಅದಕ್ಕೆ ಅಷ್ಟು ಹಸಿವಿತ್ತು. ಇತ್ತ ಅಂಬುಜಾಕ್ಷಿಗೆ ಒಂದೊಂದೇ ಅಕ್ಷರ ಹೋಗುತ್ತ ಬಂತು. "ಹೋದಾಗ ಹೆಂಗಾಗುತ್ತೇ?" ಅಂತ ಕೇಳಿದೆ. "ಗೀಟು ಕಾಣುತ್ತೆ ಅಕ್ಕ. ಮಾತಾಡಲ್ಲ" ಅಂದಳು.

ಕಟ್ಟೆಯ ಓದು ಆಗಲೂ ನಡೆದಿತ್ತು, ತೂತು ಬಿದ್ದ ಸೆರಗಿನ ಹಾಗೆ. ಅವಳು ಓದುತ್ತ ಓದುತ್ತ ನಿಂತುಬಿಡುವಳು: "ಅವನು ಅವಳ... ಹಿಡಿದುಕೊಂಡನು." ಏನು ಹಿಡಿದುಕೊಂಡ ಅನ್ನುವ ಜಾಗದ ಅಕ್ಷರಗಳು ಮಗಳ ಪಾಲಾಗಿವೆ. "ಕೈ ಅಂತ ಹಾಕು" ಅಂದಳು ಚೆನ್ನಬಸಮ್ಮ. ಅವಳು ಹಿತ್ತಿಲ ತುಂಬ ಹೂಗಿಡ ಬೆಳೆಸಿಕೊಂಡವಳು, ಮೆದು ಮನಸ್ಸು. "ಜುಟ್ಟು ಅಂತ ಹಾಕು, ಅವನ ಬುದ್ಧಿ ನಂಗೊತ್ತು" ಅಂದೆ ನಾನು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂಬುಜಾಕ್ಷಿಯೂ ನಕ್ಕಳು. ಆಮೇಲೆ ತೂತು ದೊಡ್ಡದಾಯಿತು, ಬಟ್ಟೆ ಚಿಕ್ಕದಾಯಿತು. ಒಂದು ದಿನ ಅವಳು ಪುಸ್ತಕ ಬಿಡಿಸಿ, ಕನ್ನಡಕ ಹಾಕಿ, ಸ್ವಲ್ಪ ಹೊತ್ತು ನೋಡಿ, ಮುಚ್ಚಿದಳು. ನಾವು ನಮ್ಮ ನಮ್ಮ ಹಿಟ್ಟು ತೆಗೆದುಕೊಂಡು ಮನೆಗೆ ಹೋದೆವು.

ಇಂಚರ ಅರಳಿದಳು, ಅದನ್ನು ಹೇಳಲೇಬೇಕು. ಬೆಂಕಿಪೊಟ್ಟಣ ಓದಿದಳು, ಸೋಪು ಓದಿದಳು, ಬೇಲಿಯ ಹತ್ತಿರ ಹೋಗಿ ದರ್ಜಿ ಅಂಗಡಿಯ ಬೋರ್ಡನ್ನು ದರ್ಜಿಯ ಮಗಳಿಗೆ ಕೇಳಿಸುವ ಹಾಗೆ ಓದಿದಳು. ಅವಳನ್ನು ನೋಡಿದರೆ ಅಂಬುಜಾಕ್ಷಿಗೆ ಸಂತೋಷವೇ. ಆದರೂ ಮಧ್ಯಾಹ್ನವಾದರೆ ಆ ಹೆಣ್ಣಿಗೆ ಕೈಯನ್ನು ಎಲ್ಲಿಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುವಳು.

ಒಂದು ದಿನ ಇಂಚರ ಸ್ಲೇಟು ಹಿಡಿದು ಬಂದು, "ಅಮ್ಮ, ನಿಂಗೆ ಮರ್ತೋಯ್ತಾ? ಬಾ, ನಾನು ಹೇಳ್ಕೊಡ್ತೀನಿ" ಅಂದಳು. ಅಂಬುಜಾಕ್ಷಿ ಹಾವು ತುಳಿದವಳ ಹಾಗೆ ಹಿಂದೆ ಸರಿದಳು. ಸರಿಯದೆ ಏನು ಮಾಡುತ್ತಾಳೆ? ಅದೇ ತಿಂಗಳು ದರ್ಜಿಯ ಮಗಳು ಟೀಚರ್ ಆಟ ಆಡುತ್ತ ಪಕ್ಕದ ಮನೆಯ ಕೂಸಿಗೆ ಕಾಲು ಅರ್ಧ ಹೇಳಿಕೊಟ್ಟು, ಸಂಜೆಗೆ ತಾನು ಖಾಲಿಯಾಗಿ ಅಳುತ್ತ ಕೂತಿದ್ದಳು. ಅಪ್ಪನ ಹತ್ತಿರವೂ ಇಲ್ಲ, ಮಗಳ ಹತ್ತಿರವೂ ಇಲ್ಲ, ಲೆಕ್ಕವೆಲ್ಲ ಪಕ್ಕದ ಮನೆಯಲ್ಲಿ. ಅಂದಿನಿಂದ ಊರಲ್ಲಿ ಟೀಚರ್ ಆಟವನ್ನೇ ನಿಲ್ಲಿಸಿದ್ದರು. ಈಗ ಇಂಚರ ಕಲಿಸಲು ಹೋದರೆ ಮಗು ಮತ್ತೆ ಗೋಣಿಚೀಲದ ಮೂಲೆಗೇ. "ನಂಗೆ ತೋರಿಸ್ಬೇಡ ಮಗಾ. ನನ್ನ ಮುಂದೆ ಬೆರಳಿಟ್ಟು ಓದ್ಬೇಡ. ಗೋಡೆ ಕಡೆ ತಿರುಗಿ ಓದು" ಅಂದಳು. ನಾನೂ ದನಿಗೂಡಿಸಿ ಗದರಿಸಿದೆ.

ಮಕ್ಕಳು ಹೇಳಿದ ಮಾತು ಕೇಳುತ್ತವೆಯೇ? ಅದರಲ್ಲೂ ಗಿರಣಿಯ ಕೆಲಸ ಬೇರೆ ಇತ್ತು. ಜನ ಕಾಳಿನ ಡಬ್ಬಿಗಳ ಮೇಲೆ ಹೆಸರು ಬರೆದಿಟ್ಟು ಹೋಗುತ್ತಿದ್ದರು. ಅದನ್ನು ಓದಿ ತಿಪ್ಪೇಶನಿಗೆ ಹೇಳುವವಳು ಅಂಬುಜಾಕ್ಷಿ. ಅವಳಿಗೆ ಅಕ್ಷರ ಹೋದ ಮೇಲೆ ಒಬ್ಬರ ರಾಗಿ ಇನ್ನೊಬ್ಬರ ಮನೆಯಲ್ಲಿ ಮುದ್ದೆಯಾಯಿತು. ವಿಧಿಯಿಲ್ಲದೆ ಇಂಚರಳನ್ನು ಡಬ್ಬಿಗಳ ನಡುವೆ ಕೂರಿಸಿದರು. ಅವಳೋ, ಓದುವುದಷ್ಟೇ ಅಲ್ಲ, ಪ್ರತಿ ಡಬ್ಬಿಗೂ ಬೆರಳು ಕುಟ್ಟುವಳು. "ಇದು ರಾಚಮ್ಮನ ರಾ. ಇಲ್ಲೂ ಅದೇ ರಾ, ರಾಗಿ. ನೋಡಮ್ಮ ಇಲ್ಲಿ, ನೋಡ್ಬಾರ್ದು ಅಂದ್ರೆ ಒಂದೇ ಕಣ್ಣಲ್ಲಿ ನೋಡು." ಅಂಬುಜಾಕ್ಷಿ ಮುಖ ತಿರುಗಿಸಿಕೊಳ್ಳುವಳು. ಆದರೆ ಎಷ್ಟು ಹೊತ್ತು ಅಂತ ತಿರುಗಿಸಿಕೊಂಡಿರುತ್ತಾಳೆ, ಡಬ್ಬಿ ಎತ್ತಿಕೊಡುವವಳೂ ಅವಳೇ ತಾನೇ.

ಒಂದು ಮಧ್ಯಾಹ್ನ ಇಂಚರ ಒಳಕೋಣೆಯಲ್ಲಿ ಮಲಗಿದ್ದಳು. ಚೆನ್ನಬಸಮ್ಮ ಬಂದು ಗೆರೆಯೊಳಗೆ ನಿಂತು ತನ್ನ ಹಿಟ್ಟು ಕೇಳಿದಳು. ನಾನು ಕಟ್ಟೆಯ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಅಂಬುಜಾಕ್ಷಿ ಸಾಲಿನಲ್ಲಿದ್ದ ಡಬ್ಬಿಗಳ ಮೇಲೆ ಕಣ್ಣಾಡಿಸಿ, ಒಂದನ್ನು ಎತ್ತಿ, "ತಗೊಳ್ಳಿ, ನಿಮ್ಮದು ಜೋಳ, ನುಣ್ಣಗೆ ಅಂತ ಬರೆದಿದೀರಿ" ಅಂದಳು.

ಅಂದವಳು ಅಲ್ಲೇ ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕ, ನಾನು ಓದಿದೆ" ಅಂದಳು, ಯಾರನ್ನೋ ಕೊಂದು ಬಂದ ಹಾಗೆ. ನನ್ನ ಕೈಯಿಂದ ಮೊರ ಜಾರಿತು. ಇವಳಿಗೆ ಬಂತು ಅಂದರೆ ಮಗುವಿಗೆ ಹೋಯಿತು. ಬೇರೆ ಅರ್ಥವೇ ಇಲ್ಲ ನಮ್ಮೂರಲ್ಲಿ.

ಅವಳು ಡಬ್ಬಿಯ ಸಮೇತ ಒಳಗೆ ಓಡಿದಳು, ಹಿಂದೆ ನಾನು. ಮಗುವನ್ನು ಅಲುಗಾಡಿಸಿ ಎಬ್ಬಿಸಿ, ಡಬ್ಬಿಯನ್ನು ಮುಖದ ಮುಂದೆ ಹಿಡಿದು "ಓದು" ಅಂದಳು. ಇಂಚರ ಕಣ್ಣುಜ್ಜಿಕೊಂಡು ಡಬ್ಬಿ ನೋಡಿದಳು. ಅಮ್ಮನನ್ನು ನೋಡಿದಳು. "ಓದು ಮಗಾ, ಇದೇನು ಬರೆದಿದೆ?" ಮಗು ತಲೆಯಾಡಿಸಿತು. "ಆಗಲ್ಲ" ಅಂದಿತು.

ಅಂಬುಜಾಕ್ಷಿ ಕುಸಿದು ಕೂತಳು. ಇಷ್ಟು ದಿನ ಅಕ್ಷರವಿಲ್ಲದೆ ಒದ್ದಾಡಿಯೂ ಕೊಟ್ಟು ಪ್ರಯೋಜನವೇ ಇಲ್ಲದ ಹಾಗಾಯಿತಲ್ಲ, ಯಾವ ಪಾಪಕ್ಕೆ ಅಂತ ದೇವರನ್ನು ಮನಸ್ಸಿನಲ್ಲೇ ಬೈದೆ. ಆಗ ಇಂಚರ ಸಿಡುಕುತ್ತ, "ಕತ್ತಲೇಲಿ ಹೆಂಗೆ ಓದೋದು? ಕಿಟಕಿ ತೆಗೀರಿ" ಅಂದಳು.

ನಾನೇ ತೆಗೆದೆ. ಬೆಳಕು ಬಿತ್ತು. ಮಗು ಆಕಳಿಸುತ್ತ ಓದಿತು: "ಚೆನ್ನಬಸಮ್ಮ. ಜೋಳ. ನುಣ್ಣಗೆ." ಆಮೇಲೆ ಅಮ್ಮನ ಕಡೆ ತಿರುಗಿ, "ಇದನ್ನ ನಿಂಗೆ ಮೊನ್ನೇನೇ ಹೇಳ್ಕೊಟ್ಟಿದೀನಲ್ಲ, ಮತ್ತೆ ಮರ್ತ್ಯಾ?" ಅಂತ ಗದರಿತು.

ಹೋದ ಜೀವ ಬಂದಂತಾಯಿತು. ಅಂಬುಜಾಕ್ಷಿ ಮಗಳನ್ನು ತಬ್ಬಿಕೊಂಡು ಅತ್ತಳು, ಅಳುತ್ತಲೇ ಡಬ್ಬಿಯನ್ನು ತಾನೊಮ್ಮೆ ಓದಿದಳು, ಅವಳಿಂದೊಮ್ಮೆ ಓದಿಸಿದಳು, ಮತ್ತೆ ತಾನು ಓದಿದಳು. ಎರಡೂ ಕಡೆ ಅಕ್ಷರ ಇತ್ತು. ಹೊರಗೆ ಚೆನ್ನಬಸಮ್ಮ "ನನ್ನ ಹಿಟ್ಟು ಕೊಟ್ಟು ಏನಾದ್ರೂ ಮಾಡ್ಕೊಳ್ರಮ್ಮ" ಅಂತ ಕೂಗುತ್ತಿದ್ದಳು. ಅವಳನ್ನೂ ಒಳಗೆ ಕರೆದು ತೋರಿಸಿದೆವು. ಗೆರೆ, ದೂರ, ಸೆರಗು ಯಾವುದೂ ಆ ಹೊತ್ತಿಗೆ ನೆನಪಾಗಲಿಲ್ಲ.

ಕೊಟ್ಟವರಿಗೇ ತಿರುಗಿ ಕೊಟ್ಟರೆ ಕಳೆಯುವುದಿಲ್ಲ. ಇಷ್ಟೇ ವಿಷಯ. ತಲೆತಲಾಂತರದಿಂದ ನಮ್ಮೂರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ತಿರುಗಿ ಕೊಟ್ಟಿರಲಿಲ್ಲ. ಕೊಟ್ಟವರು ಕೇಳಲಿಲ್ಲ, ಪಡೆದವರಿಗೆ ಹೊಳೆಯಲಿಲ್ಲ. ಶಾಲೆ ಮುಚ್ಚಿ, ತಾಯಿ ಮಗಳು ಒಂದೇ ಸೂರಿನಡಿ ಹಗಲೆಲ್ಲ ಮುಖಕ್ಕೆ ಮುಖ ಕೊಟ್ಟು ಕೂರುವ ಕಾಲ ಬರದಿದ್ದರೆ ಇನ್ನೂ ಹಾಗೇ ಇರುತ್ತಿದ್ದೆವೋ ಏನೋ. ಆ ಕಾಯಿಲೆಗೆ ನಾನು ಒಳ್ಳೆಯ ಮಾತು ಆಡುವವಳಲ್ಲ, ಎಷ್ಟೋ ಮನೆಯ ದೀಪ ಆರಿಸಿತು. ಆದರೂ ನಡೆದದ್ದು ನಡೆದ ಹಾಗೆ ಹೇಳಬೇಕು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮೊದಲು ದರ್ಜಿಯ ಮನೆ. ಪಕ್ಕದ ಮನೆಯ ಕೂಸು ದರ್ಜಿಯ ಮಗಳಿಗೆ ಹೇಳಿಕೊಟ್ಟಿತು, ಮಗಳು ಅಪ್ಪನಿಗೆ ಹೇಳಿಕೊಟ್ಟಳು, ಊರ ಅಂಗಿಗಳ ತೋಳು ಸಮವಾದವು. ಕೆಲವು ಗಂಡಸರು ಮೀಸೆ ತಿರುವಿ, ಮಕ್ಕಳ ಮುಂದೆ ಕೂರುವುದುಂಟೇ ಅಂದರು. ಅವರ ಹೆಂಡಂದಿರು, ಮಗ್ಗಿ ಬರುವತನಕ ಅಡುಗೆಮನೆಗೆ ಬರಬೇಡಿ ಅಂದರು. ಕೂತರು. ನಾಗೇಂದ್ರಯ್ಯನವರು ಮಾತ್ರ ಮೊಮ್ಮಗ ಹಿತ್ತಿಲಿಗೆ ಕರೆದುಕೊಂಡು ಹೋಗಿ ನಮ್ಮ ಹೊಳೆಯ ಹೆಸರು ಹೇಳಿದಾಗ, "ಇದೊಂದು ಸಾಕು, ಮಿಕ್ಕಿದ ನದಿಗಳು ನೀನೇ ಇಟ್ಕೋ" ಅಂದರಂತೆ.

ಅಂಬುಜಾಕ್ಷಿಗೆ ಎಲ್ಲ ಒಂದೇ ಸಲಕ್ಕೆ ಬರಲಿಲ್ಲ. ಡಬ್ಬಿಗಳ ಮೇಲಿದ್ದ ಅಕ್ಷರಗಳಷ್ಟೇ ಬಂದಿದ್ದವು. ಮಿಕ್ಕಿದ್ದಕ್ಕೆ ಅವಳು ದಿನಾ ಮಗಳ ಮುಂದೆ ಸ್ಲೇಟು ಹಿಡಿದು ಕೂರಬೇಕಾಯಿತು. ಇಂಚರ ಬಲು ಕಟ್ಟುನಿಟ್ಟಿನ ಟೀಚರು. ತಪ್ಪಿದರೆ ಹತ್ತು ಸಲ ಬರೆಸುವಳು. ಕಟ್ಟೆಯ ಹೆಂಗಸರೆಲ್ಲ ಅದನ್ನು ನೋಡಲು ಬರುತ್ತಿದ್ದೆವು. ಕಾದಂಬರಿಗಿಂತ ಅದೇ ಚೆನ್ನಾಗಿತ್ತು.

ಕೊನೆಗೊಂದು ದಿನ ದೋಣಿ ಬಿಟ್ಟರು. ಜೆಸಿಂತಾ ಮಿಸ್ ಸ್ವಲ್ಪ ಸೊರಗಿದ್ದರು, ತಲೆ ನರೆತಿತ್ತು, ಆದರೆ ಅದೇ ನಗು. ಶಾಲೆ ತೆರೆದಿದೆ ಅಂತ ಮನೆಮನೆಗೂ ಹೇಳುತ್ತ ಬಂದರು. ಅರ್ಧ ಮನೆಗಳಲ್ಲಿ "ಅರ್ಧ ದಿನ ಕಳಿಸ್ತೀವಿ ಮಿಸ್, ಮಿಕ್ಕ ಅರ್ಧ ಮನೇಲೇ ಕಲೀತೀವಿ" ಅಂದರು. ಕಲಿಸ್ತೀವಿ ಅನ್ನಲಿಲ್ಲ. ಮಿಸ್‌ಗೆ ಅರ್ಥವಾಗಲಿಲ್ಲ, ಆದರೂ ಹೂಂ ಅಂದರು.

ನಮ್ಮ ಕಟ್ಟೆಯ ಮುಂದೆ ಅವರು ನಿಂತಾಗ ಪಾಠ ನಡೆದಿತ್ತು. "ಇಂಚರ, ಬಾ, ಎಲ್ಲರೂ ಬಂದಿದಾರೆ" ಅಂತ ಕರೆದರು. ಇಂಚರ ಹೊಸ ಚೀಲದ ಕಡೆ ನೋಡಿದಳು. ಅವಳಿಗೆ ಹೋಗುವ ಆಸೆ, ಕಾಲು ಕುಣಿಯುತ್ತಿದ್ದವು. ಆದರೂ ಅಮ್ಮನ ಸ್ಲೇಟಿನ ಮೇಲೆ ಕೈಯಿಟ್ಟುಕೊಂಡು, "ನಾನು ನಾಳೆಯಿಂದ ಬರ್ತೀನಿ ಮಿಸ್. ಅಮ್ಮಂಗೆ ಇನ್ನೂ ಒತ್ತಕ್ಷರ ಮುಗಿದಿಲ್ಲ" ಅಂದಳು.

ಜೆಸಿಂತಾ ಮಿಸ್ ನಗಲಿಲ್ಲ. ಹೊಳೆಯಾಚೆಯವರಾದರೂ ಅವರು ಟೀಚರು. ಅಂಬುಜಾಕ್ಷಿಯನ್ನೇ ನೋಡುತ್ತ ನಿಂತರು. ಅಂಬುಜಾಕ್ಷಿ ಬಗ್ಗಿ ಮಗಳ ಬೆನ್ನಿಗೆ ಚೀಲ ಏರಿಸಿ, ಕೆದರಿದ ಕೂದಲನ್ನು ಅಂಗೈಯಲ್ಲೇ ಸವರಿ, ಸ್ಲೇಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೋಗಿ ಬಾ ಮಗಾ. ನಾನು ಬರೆದಿಟ್ಟಿರ್ತೀನಿ. ಸಂಜೆ ಬಂದು ತಿದ್ದುವೆಯಂತೆ."